ಒದ್ದೆ ಬೆರಳು, ಕಾರಿನ ಪರದೆ ಮತ್ತು ಆಗುಂಬೆ ಘಾಟಿ



ಎರಡು ದಿನದಿಂದ ಮಳೆ ಸ್ವಲ್ಪ ಹೊಳವಾಗಿದೆ. ಎರಡನೇ ಸುತ್ತಿನ ಔಷಧಿ ಹೊಡೆಯೋಕೆ ಕೊನೆಗಾರ ಬರೋದು ಇನ್ನು ಬುಧವಾರವೇ. ಅಲ್ಲಿವರೆಗೆ ಸಿಕ್ಕ ಪುರುಸೊತ್ತಲ್ಲಿ, ಬಹಳ ದಿನದಿಂದ ಬರೀಬೇಕು ಅಂದ್ಕೊಂಡಿದ್ದ ಒಂದು ವಿಷಯ ಬರೀತಿದೀನಿ. ಸ್ವಲ್ಪ ಉದ್ದ ಇದೆ. ಕರೆಂಟ್ ಕಾರು ತಗೊಳ್ಳೋ ಯೋಚನೆ ಇರೋರು ಪೂರ್ತಿ ಓದಿ.

ಸೊಸೈಟಿಗೆ ಹೋದ್ರೂ, ಮದುವೆ ಮನೆಗೆ ಹೋದ್ರೂ ಜನ ನನ್ನ ಕಾರಿನ ಬಗ್ಗೆ ಕೇಳೋದು ಮೂರೇ ಪ್ರಶ್ನೆ. ಒಂದ್ಸಲ ಚಾರ್ಜ್ ಮಾಡಿದ್ರೆ ಎಷ್ಟು ದೂರ ಹೋಗುತ್ತೆ? ಕಿಲೋಮೀಟರಿಗೆ ಎಷ್ಟು ಬೀಳುತ್ತೆ? ಬ್ಯಾಟರಿ ಹೋದ್ರೆ ಏನು ಗತಿ? ಮೂರೂ ಒಳ್ಳೆ ಪ್ರಶ್ನೆಗಳೇ. ಆದ್ರೆ ಎರಡು ವರ್ಷ ಓಡಿಸಿದ ಮೇಲೆ ನಂಗೆ ಅನಿಸಿದ್ದು, ನಾಲ್ಕನೇ ಪ್ರಶ್ನೆ ಒಂದಿದೆ, ಅದನ್ನ ಯಾರೂ ಕೇಳ್ತಿಲ್ಲ. ನಾನೂ ತಗೊಳ್ಳೋವಾಗ ಕೇಳಲಿಲ್ಲ. ಓಡಿಸ್ತಾ ಇರೋವಾಗ ಬೇಕಾಗೋ ಗುಂಡಿಗಳು ಎಲ್ಲಿವೆ? ರಸ್ತೆ ಮೇಲಿನ ಕಣ್ಣು ತೆಗೀದೆ ಅವು ಕೈಗೆ ಸಿಗ್ತವಾ?

ಇದೇನು ದೊಡ್ಡ ವಿಷಯ ಅಂತ ನಗಬೇಡಿ. ಮೂರು ವಾರದ ಹಿಂದೆ ನಡೆದದ್ದು ಹೇಳ್ತೀನಿ.

ಅಮ್ಮನಿಗೆ ಕಣ್ಣು ತೋರಿಸೋದಿತ್ತು. ಬೆಳಿಗ್ಗೆ ಆರೂವರೆಗೆ ಉಡುಪಿಗೆ ಹೊರಟ್ವಿ. ಹಿಂದೆ ಕೂತ್ರೆ ವಾಂತಿ ಬರುತ್ತೆ ಅಂತ ಅಮ್ಮ ಮುಂದಿನ ಸೀಟಲ್ಲಿ, ನಮ್ಮನೆಯವಳು ಹಿಂದೆ. ಹೊರಡೋವಾಗ ಮೀಟರ್ 165 ಕಿಲೋಮೀಟರ್ ತೋರಿಸ್ತಿತ್ತು. ಹೋಗಿ ಬರೋಕೆ 140 ಬೇಕು. ಉಡುಪಿಲಿ ಚಾರ್ಜರ್ ಖಾಲಿ ಸಿಗುತ್ತೋ ಇಲ್ವೋ, ಬರೋವಾಗ ಘಾಟಿ ಬೇರೆ ಹತ್ತಬೇಕು ಅನ್ನೋ ಭಯಕ್ಕೆ ಎಸಿ ಆಫ್ ಮಾಡಿದೆ. ಆಫ್ ಮಾಡಿದ ತಕ್ಷಣ ಮೀಟರಿನಲ್ಲಿ ಹತ್ತು ಹನ್ನೆರಡು ಕಿಲೋಮೀಟರ್ ಜಾಸ್ತಿ ಕಾಣ್ತು. ಲಾಭ ಆಯ್ತು ಅಂತ ಖುಷಿಪಟ್ಟೆ.

ಆಗುಂಬೆಲಿ ಧೋ ಅಂತ ಮಳೆ. ಸೈಡ್ ಕನ್ನಡಿ ಒರೆಸೋಕೆ ಇಳಿದು ಕೈಯೆಲ್ಲ ಒದ್ದೆ ಮಾಡ್ಕೊಂಡು ಬಂದು ಕೂತೆ. ಒಳಗೆ ಮೂರು ಜನ, ಒದ್ದೆ ಕೊಡೆ, ಒದ್ದೆ ಬಟ್ಟೆ. ಘಾಟಿ ಇಳಿಯೋಕೆ ಶುರು ಮಾಡಿ ಮೂರನೇ ತಿರುವಿಗೆ ಬರೋದ್ರೊಳಗೆ ಮುಂದಿನ ಗಾಜು ಒಳಗಿಂದ ಬೆಳ್ಳಗಾಯ್ತು. ಹಾಲಿನ ಲೋಟದೊಳಗೆ ಕೂತಂಗೆ.

ಹಳೇ ಕಾರಲ್ಲಾಗಿದ್ರೆ ಎಡಗೈ ತಾನೇ ಹೋಗಿ ಒಂದು ತಿರುಗಣೆ ತಿರುಗಿಸ್ತಿತ್ತು, ಗಾಳಿ ಗಾಜಿಗೆ ಹೊಡೀತಿತ್ತು. ಇದ್ರಲ್ಲಿ ಎಸಿ, ಫ್ಯಾನು, ಗಾಜಿನ ಮಂಜು ತೆಗೆಯೋದು ಎಲ್ಲ ಪರದೆ ಒಳಗೆ. ಪರದೆ ಮೇಲೆ ಆಗ ಮ್ಯಾಪ್ ಇತ್ತು. ಮೂಲೆಲಿರೋ ಒಂದು ಚಿತ್ರ ಮುಟ್ಟಬೇಕು, ಇನ್ನೊಂದು ಪುಟ ಬರಬೇಕು, ಅದರ ಕೆಳಗಡೆ ಮಂಜಿನ ಚಿತ್ರ ಹುಡುಕಿ ಮುಟ್ಟಬೇಕು. ಒದ್ದೆ ಬೆರಳಲ್ಲಿ ಮುಟ್ಟಿದೆ, ತಗೊಳ್ಳಲಿಲ್ಲ. ಮತ್ತೆ ಮುಟ್ಟಿದೆ, ಹಾಡು ಶುರುವಾಯ್ತು. ಕಣ್ಣು ಪರದೆ ಮೇಲೆ. ಅಷ್ಟ್ರಲ್ಲಿ ಕೆಳಗಿಂದ ಮಿನಿ ಬಸ್ಸು ಬಂತು. ನಮ್ಮನೆಯವಳು "ರೀ, ನಿಲ್ಸಿ!" ಅಂತ ಕೂಗಿದ್ಲು. ಎಡಕ್ಕೆ ಎಳೆದೆ. ಮುಂದಿನ ಚಕ್ರ ಚರಂಡಿಗೆ ಇಳೀತು, ಬಂಪರ್ ಧರೆಗೆ ಉಜ್ಜಿ ನಿಂತ್ತು. ಅದು ಧರೆ ಬದಿ ಆಗಿದ್ದಕ್ಕೆ ಇವತ್ತು ಕೂತು ಬರೀತಿದೀನಿ. ಇನ್ನೊಂದು ಬದಿ ಏನಿದೆ ಅಂತ ನಿಮಗೆಲ್ಲ ಗೊತ್ತು.

ಬಸ್ಸಿನ ಡ್ರೈವರ್ ಇಳಿದು ಬಂದು ಕೇಳಿದ ಮಾತು ಇನ್ನೂ ಕಿವಿಲಿದೆ: "ಏನ್ ಮಾರಾಯ್ರೆ, ಘಾಟಿಲಿ ಮೊಬೈಲ್ ನೋಡ್ತಿದ್ರಾ?"

ಇಲ್ಲ ಅಂದೆ. ಆದ್ರೆ ಯೋಚನೆ ಮಾಡಿದ್ರೆ ಅವ್ನು ಹೇಳಿದ್ದು ಸರಿನೇ. ಘಾಟಿ ಇಳೀತಾ ಗಾಜಿನ ಪರದೆ ಮೇಲೆ ಬೆರಳಾಡಿಸ್ತಾ ಚಿತ್ರ ಹುಡುಕ್ತಿದ್ದೆ. ಅದು ಮೊಬೈಲ್ ಅಲ್ದೆ ಮತ್ತೇನು? ಒಂದೇ ವ್ಯತ್ಯಾಸ, ಮೊಬೈಲ್ ನೋಡಿದ್ರೆ ದಂಡ ಹಾಕ್ತಾರೆ, ಇದನ್ನ ಕಂಪನಿಯೇ ಕೂರಿಸಿ ಕೊಟ್ಟಿದೆ.

ಅಮ್ಮ ಉಡುಪಿವರೆಗೆ ಒಂದು ಮಾತಾಡಲಿಲ್ಲ. ಆಸ್ಪತ್ರೆ ಮುಗಿದ ಮೇಲೆ "ಮಗಾ, ನಾನು ಬಸ್ಸಲ್ಲಿ ಬರ್ತೀನಿ" ಅಂದ್ರು.

ಕಾರಿನ ಹೆಸರು ಹೇಳಲ್ಲ. ಇದು ಒಂದು ಕಂಪನಿ ಕತೆ ಅಲ್ಲ, ಈಗ ಬರ್ತಿರೋ ಎಷ್ಟೋ ಕಾರುಗಳ ದಾರಿನೇ ಇದು. ಬಂಪರ್ ರಿಪೇರಿಗೆ ಹೋದಾಗ ಶೋರೂಮಿನ ಹುಡುಗನಿಗೆ ಹೇಳಿದೆ. ಅವ್ನು ನಗ್ತಾ "ಸರ್, ಅಭ್ಯಾಸ ಆಗುತ್ತೆ" ಅಂದ. ನನ್ನ ಮಗನೂ ಅದನ್ನೇ ಅಂದ: "ಅಪ್ಪಾ, ನೀವು ಮೊದಲೇ ಎಸಿ ಹಾಕ್ಕೋಬೇಕಿತ್ತು." ಒಟ್ಟಿನಲ್ಲಿ ತಪ್ಪು ನಂದು. ಹಳ್ಳಿಯೋನು, ಐವತ್ತು ದಾಟಿದೋನು, ಪರದೆ ಬಳಸೋಕೆ ಬರಲ್ಲ ಅಂತ ಲೆಕ್ಕ.

ಈ ಮಾತನ್ನ ನಾನು ಒಪ್ಪಲ್ಲ. ಯಾಕೆ ಅಂತ ಹೇಳ್ತೀನಿ.

ನಾವು ಕಲಿಯೋಕಾಗದ ಜನ ಅಲ್ಲ. ಟಿಲ್ಲರ್ ನೆನಪು ಮಾಡ್ಕೊಳ್ಳಿ. ಎಡಗಡೆ ಹಿಡಿ ಕೆಳಗಿನ ಕ್ಲಚ್ ಒತ್ತಿದ್ರೆ ಎಡಕ್ಕೆ ತಿರುಗುತ್ತೆ. ಅದೇ ಇಳಿಜಾರಲ್ಲಿ ಒತ್ತಿದ್ರೆ ಉಲ್ಟಾ, ಬಲಕ್ಕೆ ಹೋಗುತ್ತೆ, ಬಿಟ್ಟ ಚಕ್ರ ಜೋರಾಗಿ ಉರುಳೋದ್ರಿಂದ. ಇಷ್ಟು ತಲೆಕೆಟ್ಟ ವಿಷಯವನ್ನ ನಾವು ಕೆಸರು ಗದ್ದೆಲಿ, ಒದ್ದೆ ಕೈಯಲ್ಲಿ ಕಲಿತಿದೀವಿ. ಹೆಂಗೆ ಸಾಧ್ಯ ಆಯ್ತು? ಆ ಲಿವರ್ ಯಾವಾಗ್ಲೂ ಅಲ್ಲೇ ಇರುತ್ತೆ. ಬೆರಳಿಗೆ ಗೊತ್ತಾಗುತ್ತೆ. ಒತ್ತಿದ್ರೆ ಒತ್ತಿದ್ದು ಕೈಗೆ ತಿಳಿಯುತ್ತೆ. ಟ್ರ್ಯಾಕ್ಟರಲ್ಲಿ ಕೂತಾಗ ನೇಗಿಲು ಎತ್ತೋ ಲಿವರ್ ಬಲಗೈ ಪಕ್ಕ, ಕಣ್ಣು ಸಾಲಿನ ಮೇಲೆ. ಟ್ರ್ಯಾಕ್ಟರಿನ ಹಿಡಿಗಳ ಬಣ್ಣಕ್ಕೂ ಅಂತರರಾಷ್ಟ್ರೀಯ ಪದ್ಧತಿ ಇದೆ: ಇಂಜಿನ್ ನಿಲ್ಲಿಸೋದಕ್ಕೆ ಕೆಂಪು, ಗಾಡಿ ಓಡಾಟದ್ದಕ್ಕೆ ಕಿತ್ತಳೆ, ಪಿಟಿಓಗೆ ಹಳದಿ, ಉಳಿದದ್ದಕ್ಕೆ ಕಪ್ಪು. ಹೊಲದಲ್ಲಿ ತಪ್ಪು ಹಿಡಿ ಎಳೆದ್ರೆ ಕೈ ಕಾಲು ಹೋಗುತ್ತೆ ಅಂತ ಯಾರೋ ಯೋಚನೆ ಮಾಡಿ ಇಟ್ಟಿದ್ದು ಅದು. ಪರದೆ ಮೇಲಿನ ಗುಂಡಿಗೆ ಆಕಾರ ಇಲ್ಲ, ಉಬ್ಬು ಇಲ್ಲ, ಜಾಗವೂ ಖಾಯಂ ಇಲ್ಲ. ಪುಟ ಬದಲಾದ್ರೆ ಅದೇ ಜಾಗದಲ್ಲಿ ಬೇರೆ ಗುಂಡಿ. ಅಭ್ಯಾಸ ಆಗೋಕೆ ಕೈಗೆ ಏನಾದ್ರೂ ಸಿಗಬೇಕಲ್ವಾ?

ಇನ್ನು ನಮ್ಮ ಬೆರಳಿನ ವಿಷಯ. ಈ ಪರದೆಗಳು ಬೆರಳಿನಿಂದಾಗೋ ಸಣ್ಣ ವಿದ್ಯುತ್ ಬದಲಾವಣೆ ಗುರುತಿಸಿ ಕೆಲಸ ಮಾಡ್ತವೆ. ನೀರಿನ ಹನಿ ಬಿದ್ರೆ ಅದಕ್ಕೆ ಬೆರಳು ಯಾವುದು, ನೀರು ಯಾವುದು ಅಂತ ಗೊಂದಲ. ಚರ್ಮ ಒಣಗಿ ದಪ್ಪ ಆಗಿದ್ರೆ ಮುಟ್ಟಿದ್ದೇ ಗೊತ್ತಾಗಲ್ಲ. ಅಡಿಕೆ ಸುಲಿದು, ಸುಣ್ಣ ಮೈಲುತುತ್ತ ಕಲಸಿ ಮರದ ತೊಗಟೆ ತರ ಆದ ಕೈ ನಮ್ಮದು. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ, ಉಳಿದ ಎಂಟು ತಿಂಗಳು ಒರಟು. ಈ ಪರದೆ ಯಾರ ಬೆರಳಿಗೆ ಮಾಡಿದ್ದು ಅಂತ ನೀವೇ ಹೇಳಿ.

"ತಪ್ಪು ಓಡಿಸೋನದ್ದು" ಅನ್ನೋ ಮಾತು ಹೊಸದೇನಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬಿ-17 ಬಾಂಬರ್ ವಿಮಾನಗಳು ಸುರಕ್ಷಿತವಾಗಿ ಇಳಿದ ಮೇಲೆ, ನೆಲದ ಮೇಲೇ ಚಕ್ರ ಮಡಚಿಕೊಂಡು ಹೊಟ್ಟೆ ಮೇಲೆ ಕೂತುಬಿಡ್ತಿದ್ವು. ಪೈಲಟ್ ತಪ್ಪು ಅಂತ ಬರೆದು ಮುಗಿಸ್ತಿದ್ರು. ಆಲ್ಫಾನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ಒಳಗೆ ಹೋಗಿ ನೋಡಿದ್ರೆ, ರೆಕ್ಕೆಯ ಫ್ಲಾಪ್ ಎತ್ತೋ ಸ್ವಿಚ್ಚು, ಚಕ್ರ ಮಡಚೋ ಸ್ವಿಚ್ಚು ಎರಡೂ ಅಕ್ಕಪಕ್ಕ, ಎರಡೂ ಒಂದೇ ತರ. ದಣಿದ ಪೈಲಟ್ ಒಂದರ ಬದಲು ಇನ್ನೊಂದು ಒತ್ತುತ್ತಿದ್ದ. ಅವರು ಸೂಚಿಸಿದ ಪರಿಹಾರ ಬಹಳ ಸರಳ: ಚಕ್ರದ ಹಿಡಿಗೆ ಸಣ್ಣ ರಬ್ಬರ್ ಚಕ್ರ, ಫ್ಲಾಪಿನ ಹಿಡಿಗೆ ರೆಕ್ಕೆಯಂಥ ಬೆಣೆ. ಕಣ್ಣು ಮುಚ್ಚಿ ಮುಟ್ಟಿದ್ರೂ ಗೊತ್ತಾಗಬೇಕು. ಇವತ್ತಿಗೂ ವಿಮಾನಗಳಲ್ಲಿ ಆ ಹಿಡಿ ತುದಿ ಚಕ್ರದ ಆಕಾರದಲ್ಲೇ ಇರುತ್ತೆ. ಯುದ್ಧದ ಪೈಲಟ್ಟೇ ತಪ್ಪಿದ ಮೇಲೆ ಅಭ್ಯಾಸ ಸಾಲಲ್ಲ, ಮಾಡೋ ರೀತಿನೇ ಸರಿ ಇರಬೇಕು ಅಂತ ಎಂಬತ್ತು ವರ್ಷದ ಹಿಂದೆಯೇ ಗೊತ್ತಾಗಿತ್ತು.

ಇತ್ತೀಚಿನದ್ದೂ ಒಂದಿದೆ. 2022ರಲ್ಲಿ ಸ್ವೀಡನ್ನಿನ ವಿ ಬಿಲಾಗಾರೆ ಅನ್ನೋ ಕಾರು ಪತ್ರಿಕೆಯವರು ಒಂದು ಪರೀಕ್ಷೆ ಮಾಡಿದ್ರು. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸ್ತಾ ಸೀಟಿನ ಬಿಸಿ, ರೇಡಿಯೋ, ಗಾಜಿನ ಮಂಜು ಇಂಥ ಮಾಮೂಲಿ ಕೆಲಸಗಳನ್ನ ಮಾಡೋಕೆ ಎಷ್ಟು ಹೊತ್ತು ಬೇಕು ಅಂತ. ಹನ್ನೊಂದು ಹೊಸ ಕಾರು, ಜೊತೆಗೆ ಪರದೆ ಇಲ್ಲದ 2005ರ ಒಂದು ಹಳೇ ವೋಲ್ವೋ. ಗೆದ್ದಿದ್ದು ಆ ಹಳೇ ಗಾಡಿ. ಅದರಲ್ಲಿ ಎಲ್ಲ ಮುಗಿಯೋಕೆ 10 ಸೆಕೆಂಡ್, ಅಷ್ಟರಲ್ಲಿ ಓಡಿದ ದೂರ 306 ಮೀಟರ್. ಕೊನೇ ಸ್ಥಾನದ ಹೊಸ ಕಾರಿಗೆ 44 ಸೆಕೆಂಡಿಗೂ ಹೆಚ್ಚು, ಓಡಿದ ದೂರ 1.3 ಕಿಲೋಮೀಟರ್ ಮೇಲೆ. ಅದೂ ಖಾಲಿ ವಿಮಾನ ನಿಲ್ದಾಣದ ನೇರ ರಸ್ತೆಲಿ. ನಮ್ಮ ಲೆಕ್ಕಕ್ಕೆ ಬನ್ನಿ. 40ರ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತೆ. ಎರಡು ಸೆಕೆಂಡ್ ಪರದೆ ನೋಡಿದ್ರೆ 22 ಮೀಟರ್ ಕಣ್ಣು ಕಟ್ಟಿ ಓಡಿಸಿದಂಗೆ. ಆಗುಂಬೆಲಿ 22 ಮೀಟರ್ ಅಂದ್ರೆ ಒಂದು ತಿರುವೇ ಮುಗಿಯುತ್ತೆ.

ಯುರೋಪಿನಲ್ಲಿ ಕಾರಿನ ಸುರಕ್ಷತೆಗೆ ಅಂಕ ಕೊಡೋ ಯೂರೋ ಎನ್‌ಕ್ಯಾಪ್ ಸಂಸ್ಥೆ ಈಗ ಎಚ್ಚೆತ್ತಿದೆ. 2026ರಿಂದ ಪೂರ್ತಿ ಅಂಕ ಬೇಕು ಅಂದ್ರೆ ಇಂಡಿಕೇಟರ್, ಹಜಾರ್ಡ್ ಲೈಟ್, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆಲ್ಲ ಕೈಗೆ ಸಿಗೋ ನಿಜವಾದ ಗುಂಡಿ ಇರಬೇಕು ಅಂದಿದೆ. ನಮ್ಮಲ್ಲೂ 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಶುರುವಾಗಿದೆ. ಗುಂಡಿಯ ವಿಷಯಕ್ಕೆ ಅಲ್ಲೂ ಬೆಲೆ ಸಿಗಲಿ ಅನ್ನೋದು ನನ್ನ ಆಸೆ. ಮಲೆನಾಡಿನ ಪಟ್ಟಿ ಮಾಡೋಕೆ ನನಗೆ ಹೇಳಿದ್ರೆ ಮೊದಲನೇದಾಗಿ ಗಾಜಿನ ಮಂಜು ತೆಗೆಯೋ ಗುಂಡಿನೇ ಬರೀತೀನಿ.

ಈಗ ಮೀಟರಿಗೆ ಬರ್ತೀನಿ. ಅವತ್ತಿನ ತಪ್ಪು ಶುರುವಾಗಿದ್ದೇ ಅಲ್ಲಿ. ದೊಡ್ಡ ಅಕ್ಷರದಲ್ಲಿ "165 ಕಿ.ಮೀ." ಅಂತ ತೋರಿಸುತ್ತಲ್ಲ, ಅದು ಟ್ಯಾಂಕಿನ ಅಳತೆ ಅಲ್ಲ, ಅಂದಾಜು. ಇತ್ತೀಚೆಗೆ ಎಷ್ಟು ಕರೆಂಟ್ ತಿಂದಿದೆ ಅನ್ನೋದರ ಮೇಲೆ ಮುಂದಿನದ್ದು ಊಹೆ ಮಾಡುತ್ತೆ. ಮುಂದೆ ಘಾಟಿ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯೋವಾಗ ಕಿಲೋಮೀಟರ್ ಏರ್ತಾ ಹೋಗುತ್ತೆ, ಹತ್ತೋವಾಗ ಕಣ್ಣೆದುರೇ ಕರಗುತ್ತೆ. ನನ್ನ ಲೆಕ್ಕದಲ್ಲಿ ಆ ಘಾಟಿ ಹತ್ತೋಕೆ ಮಾಮೂಲಿಗಿಂತ ಸುಮಾರು ಎರಡು ಯೂನಿಟ್ ಹೆಚ್ಚು ಬೇಕು. ಸಣ್ಣ ಕಾರು ಒಂದು ಯೂನಿಟ್ಟಿಗೆ ಏಳೆಂಟು ಕಿಲೋಮೀಟರ್ ಕೊಡುತ್ತೆ. ಅಂದ್ರೆ ಹದಿನೈದು ಕಿಲೋಮೀಟರ್ ಘಾಟಿಗೇ ಹೋಯ್ತು. ಎಸಿಯೋ, ಒಂದು ಗಂಟೆ ಬಿಡದೆ ಓಡಿದ್ರೂ ಹೆಚ್ಚುಕಮ್ಮಿ ಒಂದು ಯೂನಿಟ್. ಘಾಟಿ ಇಳಿಯೋ ಅರ್ಧ ಗಂಟೆಗೆ ಎಸಿ ಹಾಕಿದ್ರೆ ನಾಲ್ಕು ಕಿಲೋಮೀಟರ್ ಹೋಗ್ತಿತ್ತು, ಅಷ್ಟೆ. ಆ ನಾಲ್ಕು ಕಿಲೋಮೀಟರ್ ಉಳಿಸೋಕೆ ಮೂರು ಜೀವ ಪಣಕ್ಕಿಟ್ಟೆ.

ಇದರಲ್ಲಿ ನನ್ನ ದಡ್ಡತನವೂ ಇದೆ, ಒಪ್ತೀನಿ. ಆದ್ರೆ ಎಸಿ ಆರಿಸಿದ ತಕ್ಷಣ ಹನ್ನೆರಡು ಕಿಲೋಮೀಟರ್ ಜಾಸ್ತಿ ತೋರಿಸಿ ಆಸೆ ಹುಟ್ಟಿಸೋ ಮೀಟರು, ಮಳೆಲಿ ಅದನ್ನ ಆರಿಸಿದ್ರೆ ಗಾಜು ಮುಚ್ಚುತ್ತೆ ಅಂತ ಒಂದು ಮಾತೂ ಹೇಳಲ್ಲ. ಈಗ ನಾನು ಕಿಲೋಮೀಟರ್ ನೋಡೋದೇ ಬಿಟ್ಟಿದೀನಿ. ಶೇಕಡಾ ಮಾತ್ರ ನೋಡೋದು. ಡೀಸೆಲ್ ಟ್ಯಾಂಕಿಗೆ ಕಡ್ಡಿ ಹಾಕಿ ನೋಡ್ತಿದ್ವಲ್ಲ, ಆ ತರ. ಮನೆಯಿಂದ ಉಡುಪಿಗೆ ಹೋಗೋಕೆ ಎಷ್ಟು ಶೇಕಡಾ, ಬರೋಕೆ ಎಷ್ಟು ಶೇಕಡಾ ಅಂತ ಗೋಡೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದೀನಿ. ಬರೋ ಲೆಕ್ಕ ಹೋಗೋದಕ್ಕಿಂತ ಬಹಳ ಜಾಸ್ತಿ ಅಂತ ಎರಡೇ ಸಲಕ್ಕೆ ತಿಳೀತು.

ಘಾಟಿ ಬಾಯಲ್ಲೇ ಮನೆ ಇರೋರಿಗೆ ಇನ್ನೊಂದು ಮಾತು. ಆಕ್ಸಿಲರೇಟರಿಂದ ಕಾಲು ತೆಗೆದ್ರೆ ಈ ಗಾಡಿಗಳು ತಾವೇ ಹಿಡಿದು, ಇಳಿಜಾರಿನ ಕರೆಂಟನ್ನ ಬ್ಯಾಟರಿಗೆ ಹಾಕ್ಕೊಳ್ತವೆ. ಆದ್ರೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ರೆ ಹಾಕ್ಕೊಳ್ಳೋಕೆ ಜಾಗ ಇರಲ್ಲ, ಆ ಹಿಡಿತ ಕಮ್ಮಿ ಆಗುತ್ತೆ. ಕಾಲು ಬ್ರೇಕು ಇದ್ದೇ ಇರುತ್ತೆ, ಆದ್ರೆ ದಿನಾ ಹಿಡಿಯೋ ಗಾಡಿ ಅವತ್ತು ಹಿಡೀಲಿಲ್ಲ ಅಂದ್ರೆ ಎದೆ ಧಸಕ್ ಅನ್ನುತ್ತೆ. ನನ್ನ ಕಾರಲ್ಲಿ ಇದನ್ನ ತಿಳಿಸೋಕೆ ಇರೋದು ಸಾಸಿವೆಯಷ್ಟು ಒಂದು ಚಿತ್ರ. ಘಾಟಿ ಇಳಿಯೋ ದಿನ ತೊಂಬತ್ತಕ್ಕೆ ಚಾರ್ಜ್ ನಿಲ್ಲಿಸಿ.

ಮೂರನೇದು ಗೇರು. ನನ್ನ ಕಾರಲ್ಲಿ ಮುಂದೆ ಹಿಂದೆ ಹೋಗೋಕೆ ಒಂದು ದುಂಡನೆ ತಿರುಗಣೆ. ಎತ್ತ ತಿರುಗಿಸಿದ್ರೂ ಒಂದೇ ತರ, ಎಲ್ಲಿದೆ ಅಂತ ಕೈಗೆ ಗೊತ್ತಾಗಲ್ಲ, ಪರದೆ ನೋಡಬೇಕು. ಇಂಜಿನ್ ಶಬ್ದ ಇಲ್ಲ, ಹಾಗಾಗಿ ಗಾಡಿ ಆನ್ ಇದೆಯೋ ಇಲ್ವೋ ತಿಳಿಯೋದು "ರೆಡಿ" ಅನ್ನೋ ಸಣ್ಣ ಅಕ್ಷರದಿಂದ. ದೀಪಾವಳಿಗೆ ಬಂದ ಭಾವ ಗಾಡಿ ನಿಂತಿದೆ ಅಂತ ಇಳಿಯೋಕೆ ಬಾಗಿಲು ತೆಗೆದ್ರು. ಗೇರು ಡಿ ಮೇಲೇ ಇತ್ತು. ಅಡಿಕೆ ಹರವಿದ ಅಂಗಳದ ಮೇಲೆ ಮೆಲ್ಲಗೆ ಹೊರಟೇಬಿಡ್ತು. ಮಕ್ಕಳು ಆಡ್ತಿದ್ದ ಜಾಗಕ್ಕೂ ಅದಕ್ಕೂ ಹತ್ತಡಿ. ಇದು ಬರೀ ನಮ್ಮನೆ ಕತೆ ಅಲ್ಲ. ಎಲ್ಲಿದೆ ಅಂತ ಕೈಗೆ ತಿಳಿಯದ ಇಂಥದ್ದೇ ಎಲೆಕ್ಟ್ರಾನಿಕ್ ಗೇರಿನ ಹಿಡಿಯಿಂದ, ನಿಲ್ಲಿಸಿದೀವಿ ಅಂದ್ಕೊಂಡ ಗಾಡಿಗಳು ಉರುಳಿ, 2016ರಲ್ಲಿ ಫಿಯಟ್ ಕ್ರೈಸ್ಲರ್ ಕಂಪನಿ ಜೀಪ್ ಗ್ರ್ಯಾಂಡ್ ಚೆರೋಕಿ ಸೇರಿ ಸುಮಾರು 11 ಲಕ್ಷ ಗಾಡಿಗಳನ್ನ ವಾಪಸ್ ಕರೆಸಿ ಸರಿ ಮಾಡಬೇಕಾಯ್ತು. ಅವು ಪೆಟ್ರೋಲ್, ಡೀಸೆಲ್ ಗಾಡಿಗಳು. ಶಬ್ದವೇ ಇಲ್ಲದ ಕಾರಲ್ಲಿ ಇನ್ನೆಷ್ಟು ಜಾಗ್ರತೆ ಬೇಕು?

ಇಷ್ಟು ಬರೆದಿದ್ದಕ್ಕೆ ಕರೆಂಟ್ ಕಾರೇ ಬೇಡ ಅಂತಿದಾನೆ ಅಂತ ತಿಳ್ಕೋಬೇಡಿ. ಪೆಟ್ರೋಲ್ ಬಂಕಿನ ದಾರಿ ಮರೆತಿದೀನಿ, ಮತ್ತೆ ನೆನಪು ಮಾಡ್ಕೊಳ್ಳೋ ಆಸೆ ಇಲ್ಲ. ಪರದೆಯೂ ಕೆಲಸಕ್ಕೆ ಬರುತ್ತೆ. ರಿವರ್ಸ್ ತೆಗೆಯೋವಾಗ ಹಿಂದಿನ ಕ್ಯಾಮೆರಾ, ಗೊತ್ತಿಲ್ಲದ ಊರಲ್ಲಿ ಮ್ಯಾಪು, ಇವಕ್ಕೆ ಪರದೆನೇ ಸರಿ. ನನ್ನ ತಕರಾರು ಇಷ್ಟೆ: ಗಾಡಿ ಕರೆಂಟಿನದ್ದು ಅನ್ನೋದಕ್ಕೂ ಎಲ್ಲ ಪರದೆ ಒಳಗೆ ತುರುಕೋದಕ್ಕೂ ಸಂಬಂಧ ಇಲ್ಲ. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ರೇವಾ ಅನ್ನೋ ಪುಟ್ಟ ಕರೆಂಟ್ ಕಾರು ಬಂತು, ಲಂಡನ್ನಿನಲ್ಲಿ ಜಿ-ವಿಜ್ ಅನ್ನೋ ಹೆಸರಲ್ಲಿ ಓಡಾಡ್ತು. ಟಚ್ ಸ್ಕ್ರೀನ್ ಇಲ್ಲದೇ ಓಡಿದ ಗಾಡಿ ಅದು. ಈಗ ಪರದೆ ಬಂದಿದ್ದು ಮೋಟಾರಿಗೆ ಬೇಕು ಅಂತಲ್ಲ. ಹತ್ತಾರು ಗುಂಡಿ, ಅದಕ್ಕೆ ಅಚ್ಚು, ವೈರು ಎಲ್ಲ ಮಾಡೋದಕ್ಕಿಂತ ಒಂದು ಪರದೆ ಕೂರಿಸೋದು ಕಂಪನಿಗೆ ಸಸ್ತಾ, ಮತ್ತೆ ಶೋರೂಮಲ್ಲಿ ಚೆನ್ನಾಗಿ ಕಾಣುತ್ತೆ. ನಾವೂ ಪರದೆ ಎಷ್ಟು ಇಂಚು ಅಂತ ಕೇಳ್ತೀವೇ ಹೊರತು ಗುಂಡಿ ಎಲ್ಲಿ ಅಂತ ಕೇಳಲ್ಲ. ಕೊಳ್ಳೋರು ಕೇಳಿದ್ರೆ ಮಾಡೋರು ಮಾಡ್ತಾರೆ.

ಹಾಗಾಗಿ ಶೋರೂಮಿಗೆ ಹೋಗೋರು ಇಷ್ಟು ಮಾಡಿ ನೋಡಿ:

1. ಗಾಡಿ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, ಗಾಜಿನ ಮಂಜು ತೆಗೆಯೋ ಗಾಳಿ ಹಾಕಿ. ಹಿಂದಿನ ಗಾಜಿಂದೂ ಹಾಕಿ. ಆಗಲಿಲ್ಲ ಅಂದ್ರೆ ಆ ಗಾಡಿ ನಮ್ಮ ಮಳೆಗೆ ಅಲ್ಲ.

2. ಬಾಟಲಿ ನೀರಲ್ಲಿ ಬೆರಳು ಅದ್ದಿ ಪರದೆ ಮುಟ್ಟಿ ನೋಡಿ. ನಾಚಿಕೆ ಬೇಡ, ದುಡ್ಡು ಕೊಡೋರು ನಾವು.

3. ವೈಪರ್, ಹೆಡ್‌ಲೈಟ್, ಹಜಾರ್ಡ್, ಫ್ಯಾನಿನ ವೇಗ ಈ ನಾಲ್ಕಕ್ಕೂ ಬೇರೆ ಬೇರೆ ಗುಂಡಿ ಇದೆಯಾ ನೋಡಿ.

4. ಬ್ಯಾಟರಿ ಶೇಕಡಾ ದೊಡ್ಡದಾಗಿ ಕಾಣುತ್ತಾ, ಕನ್ನಡಕ ಇಲ್ಲದೆ ಓದೋಕೆ ಆಗುತ್ತಾ ನೋಡಿ.

5. ಗೇರು ಡಿ ಮೇಲಿಟ್ಟು, ಬ್ರೇಕ್ ಮೇಲೆ ಕಾಲು ಗಟ್ಟಿಯಾಗಿ ಇಟ್ಟುಕೊಂಡೇ ಬಾಗಿಲು ತೆಗೆದು ನೋಡಿ. ಜೋರಾಗಿ ಕೂಗುತ್ತಾ, ಸುಮ್ನೆ ಇರುತ್ತಾ?

6. ನೀವೊಬ್ಬರೇ ಹೋಗಬೇಡಿ. ಮನೇಲಿ ಇನ್ಯಾರು ಓಡಿಸ್ತಾರೋ ಅವರನ್ನೂ ಕೂರಿಸಿ. ಏನೂ ಹೇಳಿಕೊಡದೆ ಅವರು ಎಷ್ಟು ಹುಡುಕ್ತಾರೆ ಅಂತ ನೋಡಿ.

ನನ್ನ ಗಾಡಿ ನಾನು ಮಾರಲ್ಲ. ಮಳೆಗಾಲದಲ್ಲಿ ಮನೆ ಬಿಡೋ ಮೊದಲೇ ಎಸಿ ಹಾಕಿ ಗಾಳಿ ಗಾಜಿಗೆ ತಿರುಗಿಸಿ, ಆ ಪುಟ ಪರದೆ ಮೇಲೇ ಬಿಟ್ಟು ಹೊರಡ್ತೀನಿ. ಮ್ಯಾಪ್ ನಂಗೆ ಬೇಡ, ದಾರಿ ಗೊತ್ತು. ಒಂದು ಒಣ ಟವೆಲ್ ಖಾಯಂ ಗೇರಿನ ಪಕ್ಕ. ಮುಂದಿನ ಸಲ ಕಾರು ತಗೊಳ್ಳೋವಾಗ ಇಪ್ಪತ್ತು ಸಾವಿರ ಹೆಚ್ಚಾದ್ರೂ ಸರಿ, ಇಪ್ಪತ್ತು ಕಿಲೋಮೀಟರ್ ಕಮ್ಮಿ ಓಡಿದ್ರೂ ಸರಿ, ಗುಂಡಿ ಇರೋದನ್ನೇ ತಗೊಳ್ಳೋದು.

ಅಮ್ಮನಿಗೆ ಮುಂದಿನ ತಿಂಗಳು ಮತ್ತೆ ಉಡುಪಿಗೆ ಬರೋಕೆ ಹೇಳಿದಾರೆ. ಬಸ್ಸಿನ ಟೈಮ್ ಕೇಳ್ಕೊಂಡು ಬಾ ಅಂತ ನಿನ್ನೆ ಹೇಳಿದ್ರು. ನಾನಿನ್ನೂ ಏನೂ ಉತ್ತರ ಕೊಟ್ಟಿಲ್ಲ.

ಕರೆಂಟ್ ಕಾರು ಇರೋರು ನಿಮ್ಮ ಗಾಡಿಲಿ ಯಾವುದಕ್ಕೆ ಗುಂಡಿ ಇದೆ, ಯಾವುದು ಪರದೆ ಒಳಗಿದೆ ಅಂತ ಕೆಳಗೆ ಬರೀರಿ. ಹತ್ತು ಜನ ಬರೆದ್ರೆ ಒಂದು ಪಟ್ಟಿ ಮಾಡಿ ಹಾಕ್ತೀನಿ, ತಗೊಳ್ಳೋರಿಗೆ ಅನುಕೂಲ ಆಗುತ್ತೆ. ನೋಡಬೇಕು ಅನ್ನೋರು ಭಾನುವಾರ ಮನೆಗೆ ಬನ್ನಿ. ಕೈ ಒದ್ದೆ ಮಾಡ್ಕೊಂಡೇ ಬನ್ನಿ.